ಹುಳಿ ವಸ್ತು

ಡಚ್ಚರ ಜಾತ್ರೆಗಳಲ್ಲಿ ಮಕ್ಕಳು ಹಟ ಹಿಡಿದು ಕೊಡಿಸಿಕೊಳ್ಳುವ ಮಿಠಾಯಿಯೊಂದಿದೆ. ಬಣ್ಣದ ಸಕ್ಕರೆ ಕೋಲು. ಹೆಸರು ‘ಝೂರ್‌ಸ್ಟೊಕ್’, ಹುಳಿಕೋಲು. ಕೊನೆಯ ಒಂದಕ್ಷರ ಬದಲಿಸಿ ‘ಝೂರ್‌ಸ್ಟೊಫ್’ ಎಂದರೆ ಹುಳಿವಸ್ತು, ಅಂದರೆ ನಮ್ಮ ಆಮ್ಲಜನಕ. ಹುಳಿಕೋಲು ಚೀಪಿದರೆ ಸಿಹಿ. ಹುಳಿವಸ್ತುವಿಗೆ ಹುಳಿ ಹೋಗಲಿ, ರುಚಿಯೇ ಇಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಆಮ್‌ಸ್ಟರ್‌ಡಾಮಿನ ಆಸ್ಪತ್ರೆಯಲ್ಲಿ ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಮಲಗಿದ ರೋಗಿ ದಿನವಿಡೀ ಹುಳಿವಸ್ತು ಸೇವಿಸುತ್ತಾನೆ, ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ.

‘ಝೂರ್’ ಅಡುಗೆಮನೆಯ ಪದ. ವಿನೆಗರಿನಲ್ಲಿ ನೆನೆಹಾಕಿದ ಈರುಳ್ಳಿ, ಸೌತೆಕಾಯಿಗಳೆಲ್ಲ ಅವರ ಮಾತಿನಲ್ಲಿ ‘ಝೂರ್’ನಲ್ಲಿರುತ್ತವೆ, ಹುದುಗಿಸಿದ ಎಲೆಕೋಸು ‘ಝೂರ್‌ಕೋಲ್’, ಸದಾ ಮುಖ ಗಂಟಿಕ್ಕಿಕೊಂಡಿರುವ ಆಸಾಮಿ ‘ಹುಳಿ ಪ್ಲಮ್’. ಕೈಗೆ ಬಂದದ್ದು ತಪ್ಪಿಹೋದವನಿಗೆ ‘ಅದು ಹುಳಿಯೇ ಬಿಡು’ ಎಂದು ಸಮಾಧಾನ ಹೇಳುವುದೂ ಉಂಟು. ‘ಸ್ಟೊಫ್’ಗೆ ಬಟ್ಟೆ ಎಂದೂ ಅರ್ಥ, ಪಾಠದ ವಸ್ತು ಎಂದೂ ಅರ್ಥ, ಯಾವುದೇ ಪದಾರ್ಥ ಎಂದೂ ಅರ್ಥ, ಲಿಂಗ ಬದಲಾದರೆ ಧೂಳು. ಪದಾರ್ಥ ಎಂಬ ಅರ್ಥದ ‘ಸ್ಟೊಫ್’ ಫ್ರೆಂಚಿನಿಂದ ಬಂದದ್ದು, ‘ಝೂರ್’ ಮನೆಯದೇ. ನಮ್ಮ ವೈಯಾಕರಣರ ಕಣ್ಣಿಗೆ ಬಿದ್ದಿದ್ದರೆ ಇದನ್ನು ಅರಿಸಮಾಸ ಎಂದು ಬದಿಗಿಡುತ್ತಿದ್ದರು. ಡಚ್ಚರಿಗೆ ಆ ಮಡಿ ಇಲ್ಲ.

ಗಾಳಿಯಂಥ ಗಾಳಿಗೆ ಹುಳಿಯ ಹೆಸರು ಅಂಟಿದ ಕತೆ ಸ್ವೀಡನ್, ಇಂಗ್ಲೆಂಡ್, ಫ್ರಾನ್ಸುಗಳನ್ನು ಸುತ್ತಿಕೊಂಡು ಬರುತ್ತದೆ.

1770ರ ದಶಕದ ಆರಂಭದಲ್ಲಿ ಉಪ್ಸಾಲಾದ ಒಂದು ಔಷಧಿ ಅಂಗಡಿಯಲ್ಲಿ ಕಾರ್ಲ್ ಶೀಲೆ ಬಗೆಬಗೆಯ ಲವಣ, ಭಸ್ಮಗಳನ್ನು ಕಾಯಿಸಿ ಅವುಗಳಿಂದ ಹೊರಟ ಗಾಳಿಯನ್ನು ಪ್ರಾಣಿಗಳ ಮೂತ್ರಕೋಶದ ಚೀಲಗಳಲ್ಲಿ ಹಿಡಿದಿಡುತ್ತಿದ್ದ. ಒಂದು ಬಗೆಯ ಗಾಳಿಯಲ್ಲಿ ಉರಿ ಭುಗಿಲೆದ್ದಿತು. ಅದನ್ನು ‘ಬೆಂಕಿಗಾಳಿ’ ಎಂದು ಕರೆದ. ಮೊದಲು ಕಂಡವನು ಶೀಲೆಯೇ. ಆದರೆ ಅವನ ಪುಸ್ತಕ ಅಚ್ಚಾಗಿ ಬಂದದ್ದು 1777ರಲ್ಲಿ. ಅಷ್ಟರಲ್ಲಿ ಊರೆಲ್ಲ ಸುದ್ದಿಯಾಗಿತ್ತು.

ಸುದ್ದಿ ಮಾಡಿದವನು ಜೋಸೆಫ್ ಪ್ರೀಸ್ಟ್‌ಲಿ, ವೃತ್ತಿಯಿಂದ ಪಾದ್ರಿ. ಇಂಗ್ಲೆಂಡಿನ ಬೋವುಡ್ ಎಂಬಲ್ಲಿ ಲಾರ್ಡ್ ಶೆಲ್ಬರ್ನ್‌ನ ಬಂಗಲೆಯೊಳಗೆ ಅವನಿಗೊಂದು ಪ್ರಯೋಗಶಾಲೆಯಿತ್ತು. 1774ರ ಆಗಸ್ಟ್ 1ರಂದು, ಒಂದಡಿ ಅಗಲದ ಭೂತಗನ್ನಡಿಯಿಂದ ಬಿಸಿಲನ್ನು ಪಾದರಸದ ಕೆಂಪು ಭಸ್ಮದ ಮೇಲೆ ಬೀಳಿಸಿದ. ಗಾಜಿನ ಪಾತ್ರೆಯೊಳಗೆ ಕೆಂಪು ಪುಡಿ ಬಿಸಿಯಾಗುತ್ತ ಹೋದಂತೆ ಮತ್ತೆ ಪಾದರಸವಾಗತೊಡಗಿತು, ಜೊತೆಗೆ ಗಾಳಿಯೊಂದು ಹೊರಟಿತು. ಅದರಲ್ಲಿಟ್ಟ ಮೇಣದಬತ್ತಿ ಕಣ್ಣು ಕೋರೈಸುವಂತೆ ಉರಿಯಿತು. ಮರುವರ್ಷದ ಮಾರ್ಚಿನಲ್ಲಿ ಆ ಗಾಳಿ ತುಂಬಿದ ಪಾತ್ರೆಯೊಳಕ್ಕೆ ಒಂದು ಇಲಿಯನ್ನು ಬಿಟ್ಟ. ಅಷ್ಟೇ ಮಾಮೂಲಿ ಗಾಳಿಯಲ್ಲಿ ಅದು ಕಾಲು ಗಂಟೆ ಬದುಕಿದ್ದರೆ ಹೆಚ್ಚು. ಇಲ್ಲಿ ಅರ್ಧ ಗಂಟೆ ಇತ್ತು, ಹೊರತೆಗೆದು ಬೆಚ್ಚಗೆ ಮಾಡಿದರೆ ಮತ್ತೆ ಓಡಾಡಿತು. ಆಮೇಲೆ ಪ್ರೀಸ್ಟ್‌ಲಿ ತಾನೂ ಎಳೆದು ನೋಡಿದ. ಎದೆ ಹಗುರಾದಂತಾಯಿತಂತೆ. ಇದು ಮುಂದೆ ಶ್ರೀಮಂತರ ಶೋಕಿಯ ವಸ್ತುವಾದರೂ ಆದೀತು, ಸದ್ಯಕ್ಕೆ ನನಗೂ ಎರಡು ಇಲಿಗಳಿಗೂ ಮಾತ್ರ ಈ ಭಾಗ್ಯ ಎಂಬರ್ಥದ ಚಟಾಕಿಯನ್ನು ಬರೆದಿಟ್ಟ.

ಆದರೆ ತಾನು ಏನನ್ನು ಹಿಡಿದಿದ್ದೇನೆ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಉರಿಯುವ ವಸ್ತುಗಳಲ್ಲೆಲ್ಲ ‘ಫ್ಲಾಜಿಸ್ಟನ್’ ಎಂಬ ಅಂಶವಿದೆ, ಉರಿಯುವಾಗ ಅದು ಗಾಳಿಗೆ ಸೇರುತ್ತದೆ ಎಂಬುದು ಆ ಕಾಲದ ಒಪ್ಪಿತ ನಂಬಿಕೆ. ಹಾಗಾಗಿ ಈ ಗಾಳಿ ಅವನ ಲೆಕ್ಕದಲ್ಲಿ ಫ್ಲಾಜಿಸ್ಟನ್ ಪೂರ್ತಿ ಕಳೆದ ಮಾಮೂಲಿ ಗಾಳಿ. ಸಾಯುವವರೆಗೂ ಆ ಮಾತು ಬಿಡಲಿಲ್ಲ.

1774ರ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಒಂದು ಊಟದ ಮೇಜಿನಲ್ಲಿ ಪ್ರೀಸ್ಟ್‌ಲಿ ತನ್ನ ಪ್ರಯೋಗವನ್ನು ವರ್ಣಿಸಿದ. ಎದುರಿಗೆ ಕುಳಿತು ಕೇಳಿದವನು ಆಂಟ್ವಾನ್ ಲವಾಸಿಯೆ. ತೆರಿಗೆ ವಸೂಲಿಯ ಗುತ್ತಿಗೆದಾರರಲ್ಲಿ ಒಬ್ಬ, ಹಣವಂತ, ತಕ್ಕಡಿಯ ಹುಚ್ಚಿನವನು. ಎರಡು ವರ್ಷದ ಹಿಂದೆಯೇ, 1772ರ ನವೆಂಬರ್ 1ರಂದು, ಗಂಧಕ ಮತ್ತು ರಂಜಕ ಉರಿದಾಗ ತೂಕ ಕಳೆದುಕೊಳ್ಳುವುದಿಲ್ಲ, ಹೆಚ್ಚಿಸಿಕೊಳ್ಳುತ್ತವೆ ಎಂದು ಚೀಟಿ ಬರೆದು, ಮೊಹರು ಹಾಕಿ ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದ್ದ. ಉರಿಯುವಾಗ ಏನೋ ಹೊರಗೆ ಹೋಗುತ್ತದೆ ಎನ್ನುವವರಿಗೆ ಈ ಹೆಚ್ಚಿದ ತೂಕ ನುಂಗಲಾರದ ತುತ್ತು. ಏನೋ ಒಳಗೆ ಬರುತ್ತಿದೆ. ಏನದು? ಪ್ರೀಸ್ಟ್‌ಲಿಯ ಗಾಳಿ ಅದಕ್ಕೆ ಉತ್ತರವಾಯಿತು.

ಹುಳಿ ಸೇರಿಕೊಂಡದ್ದು ಇಲ್ಲಿ. ಗಂಧಕ ಸುಟ್ಟು ಬಂದದ್ದನ್ನು ನೀರಿಗೆ ಸೇರಿಸಿದರೆ ಆಮ್ಲ. ರಂಜಕ ಸುಟ್ಟು ನೀರಿಗೆ ಹಾಕಿದರೆ ಆಮ್ಲ. ಇದ್ದಿಲು ಸುಟ್ಟು ಬಂದ ಗಾಳಿಯನ್ನು ನೀರಿಗೆ ಹಾಯಿಸಿದರೂ ಸಣ್ಣಗೆ ಹುಳಿ. ಮೂರರಲ್ಲೂ ಒಳಗೆ ಸೇರಿಕೊಂಡದ್ದು ಅದೇ ಗಾಳಿ. ಅಂದಮೇಲೆ ಹುಳಿಯ ತವರು ಅದೇ ಅಲ್ಲವೇ? ಲವಾಸಿಯೆ 1777ರ ಹೊತ್ತಿಗೆ ಗ್ರೀಕಿನ ಎರಡು ಪದ ಕೂಡಿಸಿ ಅದನ್ನು ‘ಆಮ್ಲ ಹುಟ್ಟಿಸುವ ತತ್ತ್ವ’ ಎಂದು ಕರೆದ. 1787ರಲ್ಲಿ ಗಿಟಾನ್ ದ ಮೊರ್ವೊ, ಬರ್ತೊಲೆ, ಫುರ್‌ಕ್ರೂವಾ ಜೊತೆ ಸೇರಿ ಇಡೀ ರಸಾಯನಶಾಸ್ತ್ರಕ್ಕೆ ಹೊಸ ನಾಮಾವಳಿ ಕಟ್ಟಿದಾಗ ‘ಆಕ್ಸಿಜೆನ್’ ಎಂಬ ರೂಪ ನಿಂತಿತು. ಹೆಸರಿನಲ್ಲೇ ಸಿದ್ಧಾಂತ ಇರಬೇಕು ಎಂಬುದು ಆ ನಾಲ್ವರ ಹಟ. ಅದು ಒಳ್ಳೆಯ ಹಟವೇ, ಸಿದ್ಧಾಂತ ಸರಿಯಿದ್ದರೆ.

ಈಗ ಹಾಲೆಂಡಿಗೆ. ಹಾರ್ಲೆಮ್ ಊರಿನ ಟೇಲರ್ಸ್ ಸಂಸ್ಥೆಯಲ್ಲಿ ಮಾರ್ಟಿನಸ್ ಫಾನ್ ಮಾರುಮ್ ಎಂಬ ವೈದ್ಯ 1784ರಲ್ಲಿ ಒಂದು ವಿದ್ಯುತ್ ಯಂತ್ರ ಕಟ್ಟಿಸಿದ. ಒಂದೂವರೆ ಮೀಟರಿಗಿಂತ ಅಗಲದ ಎರಡು ಗಾಜಿನ ಚಕ್ರ. ಕೈಯಲ್ಲಿ ತಿರುಗಿಸಿದರೆ ಎರಡಡಿ ಉದ್ದದ ಕಿಡಿ ಹಾರುತ್ತಿತ್ತು. ಈಗಲೂ ಅಲ್ಲೇ ಇದೆ, ನೋಡಬಹುದು. ಹೊಸ ಗಾಳಿಯೊಳಗೆ ಆ ಕಿಡಿ ಹಾಯಿಸಿದಾಗ ವಿಚಿತ್ರ ವಾಸನೆ ಬಂದದ್ದನ್ನು ಆತ 1785ರಲ್ಲಿ ದಾಖಲಿಸಿದ. ಮೂಗಿಗೆ ಬಡಿದದ್ದು ಓಝೋನ್. ಅದಕ್ಕೆ ಹೆಸರು ಸಿಗಲು 1840ರವರೆಗೆ ಕಾಯಬೇಕಾಯಿತು. ಅದೇ 1785ರಲ್ಲಿ ಆತ ಪ್ಯಾರಿಸ್ಸಿಗೆ ಹೋಗಿ ಲವಾಸಿಯೆಯನ್ನು ಕಂಡು, ಫ್ಲಾಜಿಸ್ಟನ್ ಮತ ಬಿಟ್ಟು ಮರಳಿದ. 1787ರಲ್ಲಿ ಹೊಸ ಸಿದ್ಧಾಂತದ ಸಾರಾಂಶವನ್ನು ಬರೆದು ಪ್ರಕಟಿಸಿದ.

ಇನ್ನೂ ಸೊಗಸಾದದ್ದು ಆಮ್‌ಸ್ಟರ್‌ಡಾಮಿನ ಪ್ರಯೋಗ. ಯಾನ್ ರುಡಾಲ್ಫ್ ಡೈಮಾನ್ ವೈದ್ಯ, ಆಡ್ರಿಯಾನ್ ಪಾಟ್ಸ್ ಫಾನ್ ಟ್ರೂಸ್ಟ್‌ವೈಕ್ ವ್ಯಾಪಾರಿ. ಇಬ್ಬರಿಗೂ ರಸಾಯನಶಾಸ್ತ್ರ ಬಿಡುವಿನ ಹವ್ಯಾಸ. 1789ರಲ್ಲಿ ಅವರು ಒಂದು ಸಣ್ಣ ಗಾಜಿನ ನಳಿಗೆಯ ಮೇಲ್ತುದಿಯಲ್ಲಿ ಚಿನ್ನದ ತಂತಿಯನ್ನು ಸೇರಿಸಿ ಬಾಯಿ ಮುಚ್ಚಿದರು. ಕೆಳಗಿನಿಂದ ಇನ್ನೊಂದು ಚಿನ್ನದ ತಂತಿ ಏರಿಸಿದರು. ನಳಿಗೆಯ ತುಂಬ ನೀರು. ಲೈಡನ್ ಜಾಡಿಯಲ್ಲಿ ವಿದ್ಯುತ್ ತುಂಬಿ ತುಂಬಿ ಆ ನೀರಿನೊಳಗೆ ಹೊಡೆದರು. ಪ್ರತಿ ಹೊಡೆತಕ್ಕೂ ತಂತಿಯ ಸುತ್ತ ಸಾಸಿವೆಗಿಂತ ಚಿಕ್ಕ ಗುಳ್ಳೆಗಳೆದ್ದು ಮೇಲೆ ಹೋಗಿ ಸೇರುತ್ತಿದ್ದವು. ನೀರಿನ ಮಟ್ಟ ಕೂದಲೆಳೆಯಷ್ಟು ಇಳಿಯುತ್ತಿತ್ತು. ಹೀಗೆ ಇಳಿದಿಳಿದು ಮೇಲಿನ ತಂತಿಯ ತುದಿ ನೀರಿನಿಂದ ಹೊರಬಿದ್ದಾಗ, ಮುಂದಿನ ಕಿಡಿ ನೀರಿನೊಳಗೆ ಹೋಗುವ ಬದಲು ಗಾಳಿಯೊಳಗೆ ಹಾರಿತು. ಕೂಡಿಟ್ಟ ಗಾಳಿಯೆಲ್ಲ ಒಮ್ಮೆಗೇ ಸಿಡಿದು ಮಾಯವಾಯಿತು, ನೀರು ಮತ್ತೆ ಮೇಲೇರಿತು. ಮತ್ತೆ ಹೊಡೆದರೆ ಮತ್ತೆ ಗುಳ್ಳೆ, ಮತ್ತೆ ಸಿಡಿತ. ನೀರು ಎರಡು ಗಾಳಿಗಳಾಗಿ ಒಡೆಯುವುದೂ ಆ ಎರಡು ಕೂಡಿ ನೀರಾಗುವುದೂ ಒಂದೇ ನಳಿಗೆಯಲ್ಲಿ, ಒಂದೇ ಕಿಡಿಯಿಂದ. ಲವಾಸಿಯೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

ಆ ಎರಡು ಗಾಳಿಗಳಿಗೆ ಡಚ್ಚಿನಲ್ಲಿ ಹೆಸರು ಬೇಕಾಯಿತು. ಇಂಗ್ಲಿಷರು ಗ್ರೀಕ್ ಹೆಸರನ್ನು ಹಾಗೇ ಎತ್ತಿಕೊಂಡರು. ಡಚ್ಚರು ಎತ್ತಿಕೊಳ್ಳಲಿಲ್ಲ, ಜರ್ಮನ್ನರೂ ಎತ್ತಿಕೊಳ್ಳಲಿಲ್ಲ. ಡಚ್ಚರ ವಿಷಯದಲ್ಲಿ ಇದಕ್ಕೆ ಇನ್ನೂರು ವರ್ಷದ ಹಿನ್ನೆಲೆಯಿದೆ. ದಶಮಾಂಶ ಭಿನ್ನರಾಶಿಗಳನ್ನು ಯೂರೋಪಿಗೆ ಬಳಕೆ ಮಾಡಿಸಿದ ಸೈಮನ್ ಸ್ಟೆವಿನ್ 1586ರಲ್ಲಿ ತೂಕಶಾಸ್ತ್ರದ ಪುಸ್ತಕವನ್ನು ಲ್ಯಾಟಿನ್ನಿನಲ್ಲಿ ಬರೆಯದೆ ಡಚ್ಚಿನಲ್ಲಿ ಬರೆದ. ಮುನ್ನುಡಿಯಲ್ಲಿ ತನ್ನ ಭಾಷೆಯ ಪರ ವಕಾಲತ್ತು ಹಾಕಿದ. ಅವನ ವಾದ ಮಜವಾಗಿದೆ: ಒಂದೇ ಉಚ್ಚಾರಾಂಶದ ಪದಗಳು ಡಚ್ಚಿನಲ್ಲಿ ಬೇಕಾದಷ್ಟಿವೆ, ಕ್ರಿಯಾಪದಗಳೇ 700ಕ್ಕೂ ಹೆಚ್ಚು, ಲ್ಯಾಟಿನ್ನಿನಲ್ಲಿ ಬೆರಳೆಣಿಕೆಯಷ್ಟು. ಚಿಕ್ಕ ಪದಗಳನ್ನು ಜೋಡಿಸುವುದು ಸುಲಭ, ಆದ್ದರಿಂದ ವಿಜ್ಞಾನಕ್ಕೆ ತಕ್ಕ ಭಾಷೆ ಡಚ್ಚೇ. ಪಟ್ಟಿ ಮಾಡಿ ಎಣಿಸಿಯೇ ತೋರಿಸಿದ. ಗಣಿತಕ್ಕೆ ಡಚ್ಚರು ಇವತ್ತೂ ಬಳಸುವ ‘ವಿಸ್‌ಕುಂಡೆ’, ಅಂದರೆ ನಿಶ್ಚಿತದ ವಿದ್ಯೆ, ಅವನ ಟಂಕಸಾಲೆಯಿಂದ ಹೊರಟದ್ದು.

ಆ ವಂಶದಲ್ಲೇ ಹದಿನೆಂಟನೆಯ ಶತಮಾನದ ಕೊನೆಗೆ ‘ಝೂರ್‌ಸ್ಟೊಫ್’ ಹುಟ್ಟಿತು. ಎರಡು ಉಚ್ಚಾರಾಂಶ, ಮುಗಿಯಿತು. ಬೆನ್ನಿಗೇ ಒಡಹುಟ್ಟುಗಳು: ನೀರಿನ ವಸ್ತು ‘ವಾಟರ್‌ಸ್ಟೊಫ್’ ಜಲಜನಕ, ಇದ್ದಿಲಿನ ವಸ್ತು ‘ಕೋಲ್‌ಸ್ಟೊಫ್’ ಇಂಗಾಲ, ಉಸಿರುಗಟ್ಟಿಸುವ ವಸ್ತು ‘ಸ್ಟಿಕ್‌ಸ್ಟೊಫ್’ ಸಾರಜನಕ. ಕೊನೆಯದು ಈಚೆಗೆ ಬೀದಿಗೂ ಬಂದಿದೆ. 2019ರ ಮೇ ತಿಂಗಳಲ್ಲಿ ಡಚ್ಚರ ಉನ್ನತ ಆಡಳಿತ ನ್ಯಾಯಾಲಯ ಸಾರಜನಕ ಮಾಲಿನ್ಯದ ಸರ್ಕಾರಿ ಯೋಜನೆಯನ್ನು ತಳ್ಳಿಹಾಕಿತು. ಅಕ್ಟೋಬರ್ 1ರಂದು ರೈತರು ಟ್ರ್ಯಾಕ್ಟರ್ ಸಾಲುಗಟ್ಟಿಸಿಕೊಂಡು ಹೇಗ್ ನಗರಕ್ಕೆ ನುಗ್ಗಿದರು. ಜಗಳ ದನದ ಗಂಜಲದಿಂದೇಳುವ ಅಮೋನಿಯಾ ಮತ್ತು ಹೊಗೆಯ ಸಾರಜನಕ ಆಕ್ಸೈಡುಗಳದ್ದು. ಆದರೆ ಫಲಕಗಳ ಮೇಲೆ, ಟೀವಿ ಚರ್ಚೆಗಳಲ್ಲಿ ಎಲ್ಲರ ಬಾಯಲ್ಲೂ ‘ಉಸಿರುಗಟ್ಟಿಸುವ ವಸ್ತು’ ಒಂದೇ. ಹುಳಿವಸ್ತುವಿಗೂ ಲಾಕ್ಷಣಿಕ ಬಾಳು ಇದೆ: ಬೆಲ್ಜಿಯಂನ ಫ್ಲೆಮಿಷ್ ರಾಜಕಾರಣಿಗಳು ಸೊರಗಿದ ಉದ್ಯಮಕ್ಕೆ ‘ಝೂರ್‌ಸ್ಟೊಫ್ ಕೊಡುತ್ತೇವೆ’ ಎನ್ನುತ್ತಾರೆ.

ಆದರೆ ಈ ಹೆಸರುಗಳು ಹುಟ್ಟುವಷ್ಟರಲ್ಲೇ ಲವಾಸಿಯೆಯ ಹುಳಿ ಸಿದ್ಧಾಂತದ ಬುಡ ಅಲ್ಲಾಡುತ್ತಿತ್ತು. ನಾಮಾವಳಿ ಬಂದ 1787ರಲ್ಲೇ, ಅದನ್ನು ಕಟ್ಟಿದ ನಾಲ್ವರಲ್ಲಿ ಒಬ್ಬನಾದ ಬರ್ತೊಲೆ, ಪ್ರುಸಿಕ್ ಆಮ್ಲದಲ್ಲಿ ಆಮ್ಲಜನಕ ಕಾಣುತ್ತಿಲ್ಲವಲ್ಲ ಎಂದಿದ್ದ. ಲವಾಸಿಯೆ ಕಿವಿಗೆ ಹಾಕಿಕೊಳ್ಳಲಿಲ್ಲ. ಉಪ್ಪಿನಿಂದ ತೆಗೆಯುವ ಆಮ್ಲದಲ್ಲಿ, ಅಂದರೆ ಇಂದಿನ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ, ಯಾರಿಗೂ ಆಮ್ಲಜನಕ ಸಿಕ್ಕಿರಲಿಲ್ಲ. ಇದ್ದೇ ಇರಬೇಕು, ಮುಂದೆಂದಾದರೂ ಸಿಗುತ್ತದೆ ಎಂದು ಲವಾಸಿಯೆ ತನ್ನ ಧಾತುಗಳ ಪಟ್ಟಿಯಲ್ಲಿ, ಆ ಆಮ್ಲದೊಳಗೆ ಆಮ್ಲಜನಕದ ಜೊತೆ ಕೂಡಿರಬೇಕಾದ ಇನ್ನೂ ಕಾಣದ ಧಾತುವಿಗೊಂದು ಜಾಗ ಕಾದಿರಿಸಿದ. 1794ರ ಮೇ 8ರಂದು ಕ್ರಾಂತಿಯ ಗಿಲೊಟಿನ್ ಅವನ ತಲೆ ತೆಗೆಯಿತು. ತೆರಿಗೆ ಗುತ್ತಿಗೆಯ ಪಾಪಕ್ಕೆ, ರಸಾಯನಶಾಸ್ತ್ರದ ತಪ್ಪಿಗಲ್ಲ.

1810ರಲ್ಲಿ ಲಂಡನ್ನಿನ ಹಂಫ್ರಿ ಡೇವಿ ಪ್ರಶ್ನೆಯನ್ನು ಇತ್ಯರ್ಥ ಮಾಡಿದ. ಉಪ್ಪಿನ ಆಮ್ಲದಿಂದ ಬರುವ ಹಸಿರು ಗಾಳಿಯಲ್ಲಿ ಆಮ್ಲಜನಕ ಅಡಗಿದೆ ಎಂದೇ ಎಲ್ಲರ ನಂಬಿಕೆ. ಇದ್ದಿಲನ್ನು ವಿದ್ಯುತ್ತಿನಿಂದ ಬೆಳ್ಳಗೆ ಕಾಯಿಸಿ ಆ ಗಾಳಿಯೊಳಗಿಟ್ಟ. ಆಮ್ಲಜನಕ ಎಲ್ಲಿದ್ದರೂ ಕಾದ ಇದ್ದಿಲು ಅದನ್ನು ಸೆಳೆದುಕೊಳ್ಳಬೇಕು. ಏನೂ ಆಗಲಿಲ್ಲ. ಹಸಿರು ಗಾಳಿಯೇ ಒಂದು ಧಾತು. ಅದು ಜಲಜನಕದೊಡನೆ ಕೂಡಿದರೆ ಕಟುವಾದ ಆಮ್ಲ, ಆಮ್ಲಜನಕದ ಸೋಂಕೂ ಇಲ್ಲದ ಆಮ್ಲ. ಹೆಸರಿಡುವಾಗ ಡೇವಿ ಹುಷಾರಾದ. ಸಿದ್ಧಾಂತದ ಗೊಡವೆಯೇ ಬೇಡವೆಂದು, ತಿಳಿಹಸಿರು ಎಂಬರ್ಥದ ಗ್ರೀಕ್ ಪದದಿಂದ ‘ಕ್ಲೋರಿನ್’ ಎಂದ. ಬಣ್ಣ ಸುಳ್ಳಾಗುವುದಿಲ್ಲ.

ಹುಳಿಯ ಗುಟ್ಟಿರುವುದು ಜಲಜನಕದಲ್ಲಿ ಎಂದು ನಿಧಾನವಾಗಿ ಖಚಿತವಾಯಿತು. ಅತ್ತ ನೀರನ್ನು ತೂಗಿ ನೋಡಿದರೆ ಒಂಬತ್ತು ಪಾಲಿನಲ್ಲಿ ಎಂಟು ಪಾಲು ಆಮ್ಲಜನಕ. ಹಾಗಾದರೆ ಹುಳಿವಸ್ತು ಮತ್ತು ನೀರುವಸ್ತು ತಮ್ಮ ಹೆಸರುಗಳನ್ನು ಅದಲುಬದಲು ಮಾಡಿಕೊಂಡಿದ್ದರೆ ಸತ್ಯಕ್ಕೆ ಹೆಚ್ಚು ಹತ್ತಿರವಾಗುತ್ತಿತ್ತು! ಗ್ರೀಕಿನಲ್ಲಿ ಹೇಳುವವರಿಗೆ ಈ ತಪ್ಪು ಕಾಣದು. ಆಕ್ಸಿಜನ್ ಎನ್ನುವಾಗ ಯಾರ ನಾಲಿಗೆಗೂ ಹುಳಿ ನೆನಪಾಗುವುದಿಲ್ಲ. ಮನೆಮಾತಿನಲ್ಲಿ ಹೆಸರಿಟ್ಟ ಡಚ್ಚರ ತಪ್ಪು ಮಾತ್ರ ದಿನವೂ ಬಯಲಲ್ಲಿದೆ. ಆದರೂ ಆ ಹೆಸರು ಊರೂರು ತಿರುಗಿತು, ಅದೂ ಏಷ್ಯಾದಲ್ಲಿ.

ಜಪಾನ್ ಆಗ ಬಾಗಿಲು ಹಾಕಿಕೊಂಡಿತ್ತು. ಯೂರೋಪಿಯನ್ನರಲ್ಲಿ ಡಚ್ಚರಿಗೆ ಮಾತ್ರ, ಅದೂ 1641ರಿಂದ ನಾಗಸಾಕಿಯ ಡೆಜಿಮಾ ಎಂಬ ಪುಟ್ಟ ಕೃತಕ ದ್ವೀಪದಲ್ಲಿ ಮಾತ್ರ, ವ್ಯಾಪಾರಕ್ಕೆ ಅಪ್ಪಣೆ. ಹಾಗಾಗಿ ಪಶ್ಚಿಮದ ವಿದ್ಯೆಗೇ ಜಪಾನಿನಲ್ಲಿ ‘ಡಚ್ ವಿದ್ಯೆ’ ಎಂದು ಹೆಸರು. ಪ್ರೀಸ್ಟ್‌ಲಿ ಭೂತಗನ್ನಡಿ ಹಿಡಿದ ಅದೇ 1774ರಲ್ಲಿ ಎದೊ ನಗರದಲ್ಲಿ ಸುಗಿತಾ ಗೆನ್‌ಪಾಕು ಮತ್ತು ಗೆಳೆಯರು ಡಚ್ ಅಂಗರಚನಾ ಗ್ರಂಥವೊಂದನ್ನು ಅನುವಾದಿಸಿ ಹೊರತಂದಿದ್ದರು. ಮಾಸ್ತರೂ ಇಲ್ಲ, ನಿಘಂಟೂ ಇಲ್ಲ ಎನ್ನುವ ಸ್ಥಿತಿಯಲ್ಲಿ, ಒಂದೊಂದು ಪದಕ್ಕೂ ತಡಕಾಡಿ ಮಾಡಿದ ಕೆಲಸ.

ಆ ಪರಂಪರೆಯ ಮೂರನೆಯ ತಲೆಮಾರಿನವನು ಉದಗಾವಾ ಯೋಆನ್, ಹುಟ್ಟಿದ್ದು 1798ರಲ್ಲಿ. ತ್ಸುಯಾಮಾ ಸಂಸ್ಥಾನದ ವೈದ್ಯರ ಮನೆತನಕ್ಕೆ ದತ್ತು ಹೋದ ಹುಡುಗ. ಸಾಕುತಂದೆ ಗೆನ್‌ಶಿನ್ ಕೂಡ ಪದ ಕಟ್ಟುವವನೇ: ಗ್ರಂಥಿಗೂ ಮೇದೋಜೀರಕಾಂಗಕ್ಕೂ ಚೀನೀ ಲಿಪಿಯಲ್ಲಿ ಅಕ್ಷರವೇ ಇಲ್ಲವೆಂದು ಹೊಸ ಅಕ್ಷರಗಳನ್ನೇ ಬರೆದಿಟ್ಟ, ಇಂದಿಗೂ ಬಳಕೆಯಲ್ಲಿವೆ. ಮಗ ಸಸ್ಯಶಾಸ್ತ್ರ ಬರೆದ, ಬಿಸಿನೀರಿನ ಬುಗ್ಗೆಗಳ ನೀರನ್ನು ಪರೀಕ್ಷಿಸಿದ, ಕಾಫಿಯ ಬಗ್ಗೆ ಬರೆದ. ಜಪಾನಿನ ಕಾಫಿ ಅಂಗಡಿಗಳ ಮೇಲೆ ಇಂದು ಕಾಣುವ ಎರಡಕ್ಷರದ ‘ಕಾಫಿ’ ಅವನದೇ ಎನ್ನುತ್ತಾರೆ.

1837ರಿಂದ ಯೋಆನ್ ‘ಸೇಯ್ಮಿ ಕೈಸೋ’ ಎಂಬ ರಸಾಯನಶಾಸ್ತ್ರದ ಮಹಾಗ್ರಂಥ ಪ್ರಕಟಿಸತೊಡಗಿದ. 21 ಸಂಪುಟ, ಕೊನೆಯವು ಬಂದದ್ದು 1847ರಲ್ಲಿ, ಅವನು ತೀರಿಕೊಂಡ ಮರುವರ್ಷ. ‘ಸೇಯ್ಮಿ’ ಎಂದರೆ ಡಚ್ಚಿನ ‘ಖೆಮಿ’ಯನ್ನೇ ಕಿವಿಗೆ ಬಿದ್ದಂತೆ ಬರೆದದ್ದು. ಶಾಸ್ತ್ರದ ಹೆಸರನ್ನು ಸದ್ದಿನಿಂದ ತಂದವನು ಧಾತುಗಳ ಹೆಸರನ್ನು ಮಾತ್ರ ಅರ್ಥದಿಂದ ತಂದ. ‘ಝೂರ್’ಗೆ ಹುಳಿ ಎಂಬ ‘ಸಾನ್’, ‘ಸ್ಟೊಫ್’ಗೆ ‘ಸೊ’: ಸಾನ್ಸೊ. ನೀರುವಸ್ತು ಸುಯ್ಸೊ. ಇದ್ದಿಲುವಸ್ತು ತಾನ್ಸೊ. ಉಸಿರುಗಟ್ಟಿಸುವ ವಸ್ತು ಚಿಸ್ಸೊ. ‘ಸೊ’ ಎಂಬ ಆ ಅಕ್ಷರದ ಮೂಲಾರ್ಥ ಬಣ್ಣ ಹಾಕದ ಬಿಳಿ ರೇಷ್ಮೆ. ಅಲ್ಲಿಂದ ಬೆಳೆದು ಮೂಲವಸ್ತು ಎಂದಾಗಿದೆ. ಡಚ್ಚಿನ ‘ಸ್ಟೊಫ್’ ಕೂಡ ಬಟ್ಟೆಯೇ. ಆಕಸ್ಮಿಕ, ಆದರೆ ಎಂಥ ಆಕಸ್ಮಿಕ!

ಯೋಆನ್ ಮುಖ್ಯವಾಗಿ ಆಧರಿಸಿದ್ದು ಮ್ಯಾಂಚೆಸ್ಟರಿನ ವಿಲಿಯಂ ಹೆನ್ರಿ 1801ರಲ್ಲಿ ಬರೆದ ಕೈಪಿಡಿಯನ್ನು. ಅದು ಜರ್ಮನ್ನಿಗೆ ಹೋಗಿ, ಅಲ್ಲಿಂದ 1803ರಲ್ಲಿ ಡಚ್ಚಿಗೆ ಬಂದು, ಹಡಗು ಹತ್ತಿ ಡೆಜಿಮಾ ಸೇರಿತ್ತು. ಮೂಲಪುಸ್ತಕ ಡೇವಿಗೆ ಮುಂಚಿನದು. ಅಂದರೆ ಹುಳಿಯ ಸಿದ್ಧಾಂತ ಲಂಡನ್ನಿನಲ್ಲಿ ಬಿದ್ದು ಕಾಲು ಶತಮಾನ ಕಳೆದ ಮೇಲೆ ಅದರ ಹೆಸರು ಜಪಾನಿನಲ್ಲಿ ಹೊಸದಾಗಿ ಹುಟ್ಟಿತು. 1869ರಲ್ಲಿ ಒಸಾಕಾದಲ್ಲಿ ತೆರೆದ ರಸಾಯನ ಶಾಲೆಗೆ ‘ಸೇಯ್ಮಿ’ ಎಂಬ ಹೆಸರೇ ಇತ್ತು, ಪಾಠ ಹೇಳಲು ಡಚ್ ಮಾಸ್ತರು ಗ್ರಾಟಮಾ ಬಂದಿದ್ದರು. ಆಮೇಲೆ ಸದ್ದಿನ ‘ಸೇಯ್ಮಿ’ ಸತ್ತಿತು, ಅರ್ಥದ ‘ಸಾನ್ಸೊ’ ಉಳಿಯಿತು.

ಡಚ್ಚರು ಆಳಿದ ಇಂಡೊನೇಷ್ಯಾದಲ್ಲಿ ಅದು ‘ಜಾತ್ ಆಸಾಮ್’ ಆಯಿತು: ವಸ್ತು ಎಂಬುದಕ್ಕೆ ಅರಬ್ಬಿಯಿಂದ ಬಂದ ಪದ, ಹುಳಿಗೆ ಮಲಯ್ ಪದ. ಇನ್ನೊಂದು ಅರಿಸಮಾಸ. ಈಗ ಅಲ್ಲಿ ‘ಓಕ್ಸಿಗೆನ್’ ಬಂದು ಹಳೆಯದನ್ನು ಮೂಲೆಗೆ ಸರಿಸಿದೆ. ದಕ್ಷಿಣ ಆಫ್ರಿಕಾದ ಆಫ್ರಿಕಾನ್ಸ್ ಭಾಷೆಯಲ್ಲಿ ಅದು ಈಗಲೂ ‘ಸೂರ್‌ಸ್ಟೊಫ್’. ಚೀನೀಯರು ಬೇರೆ ದಾರಿ ಹಿಡಿದರು. 1855ರಲ್ಲಿ ಬೆಂಜಮಿನ್ ಹಾಬ್ಸನ್ ಎಂಬ ಇಂಗ್ಲಿಷ್ ಮಿಷನರಿ ವೈದ್ಯ ಚೀನೀ ಭಾಷೆಯಲ್ಲಿ ಬರೆದ ವಿಜ್ಞಾನ ಪುಸ್ತಕದಲ್ಲಿ ಅದನ್ನು ‘ಪೋಷಿಸುವ ಗಾಳಿ’ ಎಂದಿದ್ದ. ಇಂದಿನ ಚೀನೀ ಅಕ್ಷರ ಅದರಿಂದ ಬಂದದ್ದು. ಹುಳಿಯ ಗೊಡವೆಯಿಲ್ಲ. ಡೇವಿ ನೋಡಿದ್ದರೆ ಮೆಚ್ಚುತ್ತಿದ್ದ.

ಕನ್ನಡದ ‘ಆಮ್ಲಜನಕ’ ಡಚ್ಚಿನ ಮೂಲಕ ಬಂದದ್ದಲ್ಲ. ಲವಾಸಿಯೆಯ ಗ್ರೀಕನ್ನು ಸಂಸ್ಕೃತದಲ್ಲಿ ಎರಕ ಹೊಯ್ದದ್ದು. ತೆಲುಗಿನ ‘ಆಮ್ಲಜನಿ’, ಬಂಗಾಳಿಯ ‘ಅಮ್ಲಜಾನ್’ ಅದೇ ಅಚ್ಚಿನವು. ಇದು ಪಠ್ಯಪುಸ್ತಕಕ್ಕೆ ಬರುವ ಹೊತ್ತಿಗೆ ಡೇವಿಯ ಪ್ರಯೋಗ ಹಳೆಯ ಮಾತಾಗಿತ್ತು. ಪ್ರಾಣವಾಯು ಎಂಬ ಸಿದ್ಧ ಪದವೂ ಕೈಯಳತೆಯಲ್ಲೇ ಇತ್ತು. ಆದರೂ ಆಮ್ಲಜನಕವೇ ಗೆದ್ದದ್ದು ಸರಿ ಎಂದು ನನಗನ್ನಿಸುತ್ತದೆ. ಪ್ರಾಣವಾಯು ಒಬ್ಬಂಟಿ ಪದ, ಅದಕ್ಕೆ ಯೋಗಶಾಸ್ತ್ರದ ಹಳೆಯ ಸಂಸಾರ ಬೇರೆ ಇದೆ. ಆಮ್ಲಜನಕ, ಜಲಜನಕ, ಸಾರಜನಕ ಒಂದೇ ಮನೆಯ ಮಕ್ಕಳಂತೆ ಸಾಲಾಗಿ ನಿಲ್ಲುತ್ತವೆ, ಡಚ್ಚರ ‘ಸ್ಟೊಫ್’ಗಳ ಹಾಗೆ. ಇದ್ದಿಲಿನ ಧಾತುವಿಗೆ ಮಾತ್ರ ನಾವು ಯಾವ ಜನಕನನ್ನೂ ಹುಡುಕದೆ ಸುಮ್ಮನೆ ಇಂಗಾಲ ಎಂದುಬಿಟ್ಟೆವು, ಅದು ಇನ್ನೂ ಚೆನ್ನಾಯಿತು.

ಕೊರೊನಾದ ಎರಡನೆಯ ಅಲೆಯ ದಿನಗಳಲ್ಲಿ, 2021ರಲ್ಲಿ, ಕನ್ನಡ ಪತ್ರಿಕೆಗಳ ಮುಖಪುಟದಲ್ಲಿ ಆಮ್ಲಜನಕ ದಪ್ಪಕ್ಷರದಲ್ಲಿ ಬರುತ್ತಿತ್ತು: ಆಮ್ಲಜನಕ ಕೊರತೆ, ಆಮ್ಲಜನಕ ಘಟಕ, ಆಮ್ಲಜನಕ ಹೊತ್ತ ರೈಲು. ಸಿಲಿಂಡರಿಗಾಗಿ ಫೋನು ಮಾಡುತ್ತಿದ್ದವರ ಬಾಯಲ್ಲಿ ಇದ್ದದ್ದು ಆಕ್ಸಿಜನ್.